ಇಪ್ಪತ್ತೈದೇ ಕಣ್ರಮ್ಮ

ಬಾಳ್ಳುಪೇಟೆಯ ನಮ್ಮ ಫೋಟೋಗ್ರಾಫರ್ ಸ್ಟಿಲ್ ಕ್ಯಾಮೆರಾದಲ್ಲೇ ವಿಡಿಯೋ ತೆಗೆಯುತ್ತಿದ್ದರು. ಮೊದಲು ತಲೆಯೆತ್ತಿ ಟ್ಯೂಬ್‌ಲೈಟ್ ನೋಡುವರು. "ಲೈಟು ಕಣ್ಣಿಗೆ ಕಾಣದಂಗೆ ಮಿಣುಕ್ತದೆ, ಕ್ಯಾಮೆರಾ ಅದ್ರ ತಾಳಕ್ಕೆ ಹೊಂದ್ಬೇಕು. ನಮ್ ಕರೆಂಟಿಗೆ ಸೆಕೆಂಡಿಗೆ ಇಪ್ಪತ್ತೈದು ಫ್ರೇಮೇ ಕಣ್ರಮ್ಮ."

ನನ್ನ ಮೊಮ್ಮಗಳ ಮದುವೆಯಲ್ಲಿ, ಅಮೆರಿಕದಿಂದ ಬಂದಿದ್ದ ವರನ ಚಿಕ್ಕಪ್ಪ ಹಠ ಹಿಡಿದರು. "ಅಲ್ಲೆಲ್ಲ ಮೂವತ್ತೇ ಸ್ಟ್ಯಾಂಡರ್ಡ್. ಮೂವತ್ತಕ್ಕಿಡಿ, ಇಲ್ಲಾಂದ್ರೆ ಹೊರಡಿ."

"ಅಲ್ಲಿನ ಕರೆಂಟೂ ತಂದಿದ್ದೀರಾ ಸ್ವಾಮಿ? ಮುಖದ್ ಮೇಲೆ ಪಟ್ಟೆ ಬತ್ತವೆ. ಅಂಥದ್ದು ನನ್ ಕೈಯಲ್ಲಾಗಕಿಲ್ಲ ಮಾರಾಯ್ರೆ!" ಲೆನ್ಸಿಗೆ ಮುಚ್ಚಳ ಹಾಕಿ ಹೊರಟೇಬಿಟ್ಟರು. ತಡೆಯಬೇಕಿತ್ತು ನಾನು, ಕಾನ್ವೆಂಟ್ ಕಲಿಸಿದ ಮ್ಯಾನರ್ಸ್ ಬಾಯಿ ಕಟ್ಟಿತು.

ಚಿಕ್ಕಪ್ಪ ಆಗಲೇ ತಮ್ಮ ಕ್ಯಾಮೆರಾ ಶುರು ಮಾಡಿದ್ದರು. ಆ ವಿಡಿಯೋದಲ್ಲಿ ಧಾರೆಯುದ್ದಕ್ಕೂ ಮೊಮ್ಮಗಳ ಮುಖದ ಮೇಲೆ ಕಪ್ಪು ಪಟ್ಟೆಗಳು ಓಡುತ್ತವೆ. ಪರ್ಫೆಕ್ಟ್ ಆಗಿರುವುದು ಮೊದಲ ಶಾಟ್ ಒಂದೇ: ಛತ್ರದ ಗೇಟಿನಾಚೆ, ಒಳ್ಳೆ ಬಿಸಿಲಿನಲ್ಲಿ, ತಿರುಗಿಯೂ ನೋಡದೆ ನಡೆದುಹೋಗುತ್ತಿರುವ ಫೋಟೋಗ್ರಾಫರ್.