ಸಾವೊ ಪಾಲೊದಿಂದ ಬಂದ ಸಂತೆಗಾಡಿ

ಸಾವೊ ಪಾಲೊಗೆ ಹೋದವರು ಮಾಲ್ ಸುತ್ತಿ ಚಪ್ಪಲಿ ಸವೆಸಬೇಡಿ. ನಾನು ಸವೆಸಿದ್ದೇನೆ, ಸಾಕು. ಬದನಗುಪ್ಪೆಯ ನಮ್ಮ ಗ್ರಾನೈಟ್ ಕಾರ್ಖಾನೆಯವರು ಕಲ್ಲು ಕೊಯ್ಯುವ ಹೊಸ ಯಂತ್ರ ನೋಡಿ ಬಾ ಎಂದು ನನ್ನನ್ನು ಬ್ರೆಜಿಲ್‌ಗೆ ಕಳಿಸಿದ್ದರು. ಕೆಲಸ ಮುಗಿದು ಒಂದು ದಿನ ಉಳಿಯಿತು. ಅವ್ವನಿಗೆ ಏನಾದರೂ ಒಯ್ಯಲೇಬೇಕಿತ್ತು.

ಅವ್ವ ಮುನಿಸಿಕೊಂಡಿದ್ದಳು, ನನ್ನ ಮೇಲಲ್ಲ, ತನ್ನ ಭುಜದ ಮೇಲೆ. ಭುಜನೋವು ಶುರುವಾದ ಮೇಲೆ ಚೀಲ ಹೊರಲಾಗದೆ ಸಂತೆಮರಹಳ್ಳಿ ಸಂತೆಗೆ ಹೋಗುವುದನ್ನೇ ಬಿಟ್ಟಿದ್ದಳು. ನಾನು ಹೊರುತ್ತೇನೆ ಬಾ ಅಂದರೆ, "ನೀನು ಬೆನ್ನಿಗೇ ನಿಂತ್ಕಂಡ್ರೆ ನಂಗೆ ಯಾಪಾರ ಕುದುರಾಕಿಲ್ಲ ಕಣ್ಲಾ" ಅನ್ನುವಳು. ನಾನೊಬ್ಬನೇ ಹೋಗಿ ತಂದ ತರಕಾರಿಗೆ ಹೆಸರಿಡದ ದಿನವಿಲ್ಲ. ಅದಾದರೂ ಪರವಾಗಿಲ್ಲ, ಸಂತೆಯ ದಿನ ಅವಳು ಮಂಕಾಗಿ ಕೂರುವುದನ್ನು ನೋಡಲಾಗುತ್ತಿರಲಿಲ್ಲ.

ಮಾಲ್‌ನಲ್ಲಿದ್ದದ್ದೆಲ್ಲ ಮೈಸೂರಿನಲ್ಲೂ ಇದೆ. ದೊಡ್ಡ ಮಾರುಕಟ್ಟೆಯಲ್ಲಿ ಹಣ್ಣು ಕತ್ತರಿಸಿ ಬಾಯಿಗೇ ಕೊಟ್ಟು ಉಪಚರಿಸಿದರು; ಬೆಲೆ ಕೇಳಿ ಹಾಗೇ ಹೊರಬಿದ್ದೆ. ಸುಸ್ತಾಗಿ ಹೋಟೆಲಿನ ಹಿಂದಿನ ಬೀದಿಗೆ ತಿರುಗಿದರೆ ಅಲ್ಲೊಂದು ಸಂತೆ! ಪಟ್ಟೆ ಪಟ್ಟೆ ಟಾರ್ಪಾಲಿನಡಿ ಪರಂಗಿ, ಸೀಮೆಬದನೆ, ಮರಗೆಣಸು, ಎಲ್ಲ ನಮ್ಮವೇ. ಕೂಗಾಟವೂ ನಮ್ಮದೇ. ಅವ್ವನ ವಯಸ್ಸಿನ ಹೆಂಗಸರು ಉದ್ದ ಹಿಡಿಯಿರುವ, ಎರಡು ಚಕ್ರದ ತಂತಿಬುಟ್ಟಿಗಳನ್ನು ಎಳೆದುಕೊಂಡು, ಯಾರ ಹಂಗೂ ಇಲ್ಲದೆ ವ್ಯಾಪಾರಿಗಳ ಜೊತೆ ಜಗಳವಾಡುತ್ತಿದ್ದರು. ನನಗೆ ಕಣ್ಣು ತುಂಬಿತು. ಪಕ್ಕದ ಪಾತ್ರೆ ಅಂಗಡಿಯಲ್ಲಿ ಅಂಥದೇ ಗಾಡಿ ನೇತುಹಾಕಿದ್ದರು. ಚೌಕಾಸಿ ಮಾಡದೆ ಕೊಂಡು, ಮಡಚಿ, ಸೂಟ್‌ಕೇಸಿಗೆ ಕಟ್ಟಿಕೊಂಡು ಬಂದೆ.

"ಬ್ರೆಜಿಲ್‌ಗಂಟ ಓಗಿ ಎಳ್ಯೋ ಗಾಡಿ ತಂದವ್ನೆ, ನಾನೇನು ಎತ್ತಾ?" ಎಂದು ಅವ್ವ ಚಾಮರಾಜನಗರದ ನಮ್ಮ ಬೀದಿಗೆಲ್ಲ ಹೇಳಿ ನಕ್ಕಳು. ಗಾಡಿ ಬಾಗಿಲ ಹಿಂದೆ ಸೇರಿತು. ನಾನು ಪೆಚ್ಚಾದೆ.

ಸಂತೆಯ ದಿನ ಬೆಳಿಗ್ಗೆ ನಾನು ಚೀಲ ಹುಡುಕುತ್ತಿದ್ದರೆ, ಅವ್ವ ಒಳ್ಳೆ ಸೀರೆ ಉಟ್ಟು ಗಾಡಿ ಹಿಡಿದು ಹೊಸಿಲಲ್ಲಿ ನಿಂತಿದ್ದಳು. ಇಬ್ಬರೂ ಹೊರಟೆವು. ಸಂತೆಮರಹಳ್ಳಿಯಲ್ಲಿ ಬಸ್ಸಿಳಿದು ಗಾಡಿಗೆ ಕೈ ಹಾಕಿದೆ.

"ಬುಡ್ಲಾ! ಟೀ ಕುಡ್ಕಂಡು ಇಲ್ಲೇ ನಿಂತಿರು."

ನನ್ನ ಕೈ ತಳ್ಳಿ, ಗಾಡಿ ಎಳೆದುಕೊಂಡು ಜನರ ನಡುವೆ ನುಗ್ಗಿಬಿಟ್ಟಳು. ನಾನು ಟೀ ತೆಗೆದುಕೊಂಡೆ. ಸ್ವಲ್ಪ ಹೊತ್ತಿಗೆ ಸೊಪ್ಪಿನ ಸಾಲಿನ ಕಡೆಯಿಂದ ಅವಳ ದನಿ ಕೇಳಿಸಿತು: "ಇದ್ನ ಯಾವಾಗ್ ಕಿತ್ತಿದ್ಲಾ, ಓದ್ ವಾರ್ವಾ?"

ಸೊಪ್ಪಿನವನ ಗ್ರಹಚಾರ ಬಿಡಿಸುತ್ತಿದ್ದಳು. ನನಗೆ ಎಷ್ಟು ಖುಷಿಯಾಯಿತೆಂದರೆ, ಇನ್ನೊಂದು ಟೀ ಹೇಳಿದೆ.