ಹೊರಟವರನ್ನು ಕೂಗಬಾರದು

ಕುಂದಲಹಳ್ಳಿಯ ಹೆಂಗಸರು ಬೆಳಿಗ್ಗೆ ಎದ್ದು ಬಾಗಿಲಿಗೆ ಸಗಣಿ ಸಾರಿಸಿ ರಂಗೋಲಿ ಬಿಡುತ್ತಿದ್ದ, ಆ ಸಗಣಿ ಒಣಗುವ ಮೊದಲೇ ಅದರ ಮೇಲೆ ಕಂಪನಿ ಕ್ಯಾಬುಗಳು ಹಾದುಹೋಗುತ್ತಿದ್ದ ಕಾಲವೊಂದಿತ್ತು. ನಮ್ಮ ಹಿತ್ತಲಲ್ಲಿ ಎರಡು ಸೀಮೆಹಸು, ಬೀದಿಯ ಆಚೆ ದಿನದಿನಕ್ಕೂ ಏಳುತ್ತಿದ್ದ ಗಾಜಿನ ಕಟ್ಟಡ. ಸಿಮೆಂಟಿನ ಧೂಳು ಮತ್ತು ಹಸಿ ಹಾಲಿನ ವಾಸನೆ ಒಟ್ಟಿಗೇ ಮೂಗಿಗೆ ಬರುತ್ತಿದ್ದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಆಗ ನಾನು ಐದನೇ ಕ್ಲಾಸು, ತಮ್ಮ ಮಂಜ ಒಂದನೇ ಕ್ಲಾಸು. ನಮಗೆ ಅಪ್ಪ ಎಂದರೆ ಭಾನುವಾರ ಸಂಜೆ ಬರುವ ಒಂದು ಫೋನು.

ಅಪ್ಪ ವೈಟ್‌ಫೀಲ್ಡಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಆ ಕಾರ್ಖಾನೆಯ ತಾಯಿಬೇರು ಇದ್ದದ್ದು ಹಾಲೆಂಡಿನಲ್ಲಿ. ಅಲ್ಲಿನ ಯಂತ್ರಗಳನ್ನು ಜೋಡಿಸುವುದು ಕಲಿತು ಬಾ ಎಂದು ಅವನನ್ನು ಎರಡು ವರ್ಷಕ್ಕೆ ಕಳಿಸಿದ್ದರು. ನಡುವೆ ರಜೆಗೆ ಊರಿಗೆ ಬಂದು ಹೋಗಲು ಟಿಕೆಟ್ ಕೊಡುತ್ತಿದ್ದರಂತೆ. ಅಪ್ಪ ಆ ರಜೆಯನ್ನು ಉಳಿಸಿಕೊಂಡು, ಎರಡನೇ ವರ್ಷ ಮುಗಿಯುವ ಹೊತ್ತಿಗೆ, ನಾನು ಹೋಗುವ ಬದಲು ಮನೆಯವರೇ ಒಂದು ಸಲ ಇಲ್ಲಿಗೆ ಬರಲಿ ಎಂದು ಕೇಳಿ ಒಪ್ಪಿಸಿದ್ದ. ಹೀಗೆ ಒಂದು ಬೇಸಿಗೆ ರಜೆಯಲ್ಲಿ ಅಮ್ಮ, ನಾನು, ಮಂಜ ಮತ್ತು ಅಪ್ಪನ ತಾಯಿ, ಅಂದರೆ ನಮ್ಮಜ್ಜಿ, ರಾಗಿ ಹಿಟ್ಟು, ಹುರುಳಿಕಾಳು, ಸಾರಿನಪುಡಿ ತುಂಬಿಕೊಂಡು ವಿಮಾನ ಹತ್ತಿದೆವು. ಹಸುಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿದ್ದ ಅಜ್ಜಿ ವಿಮಾನದಲ್ಲಿ ಕೂತೂ ಅವುಗಳ ಬೂಸಾದ ಮಾತೇ ಆಡುತ್ತಿದ್ದಳು.

ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಹೆಂಕ್ ಎಂಬಾತ ಒಂದು ವಾರಕ್ಕೆ ತನ್ನ ಹಳೆಯ ದೋಣಿಯನ್ನು ನಮಗೆ ಬಿಟ್ಟುಕೊಟ್ಟ. ಅಜ್ಜಿ ಮೊದಲ ದಿನವೇ ಅವನಿಗೆ ಎಂಕಪ್ಪ ಎಂದು ಹೆಸರಿಟ್ಟಳು. ಅವನೂ ಓಗೊಟ್ಟ. ದೋಣಿ ಎಂದರೆ ತೆಪ್ಪದಂಥದ್ದಲ್ಲ. ಕಬ್ಬಿಣದ್ದು, ಒಳಗೆ ಮಲಗಲು ಹಲಗೆಗಳು, ಒಂದು ಗ್ಯಾಸ್ ಒಲೆ, ಬಾಗಿ ನಿಲ್ಲಬೇಕಾದಷ್ಟು ತಗ್ಗಿನ ಅಡುಗೆಮನೆ. ನಡೆದುಹೋಗುವವರು ನಮ್ಮನ್ನು ಹಿಂದೆ ಹಾಕುವಷ್ಟು ನಿಧಾನ. ಕಾಲುವೆಯ ನೀರು ಎರಡೂ ಕಡೆಯ ಹುಲ್ಲುಗಾವಲಿಗಿಂತ ಮೇಲಿತ್ತು. ನಾವು ಮೇಲೆ, ಹಸುಗಳು ಕೆಳಗೆ. ಕಪ್ಪುಬಿಳಿ ಹಸುಗಳನ್ನು ಕಂಡು ಅಜ್ಜಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಸೀರೆಯ ಮೇಲೆ ಅಪ್ಪನ ಸ್ವೆಟರು, ತಲೆಗೆ ಕುಲಾವಿ ಹಾಕಿಕೊಂಡು ದೋಣಿಯ ಮುಂದೆ ಕೂತು, ನಮ್ಮ ಹಸುಗಳ ತವರುಮನೆ ಇದೇ ಇರಬೇಕು ಎಂದು ಪ್ರತಿಯೊಂದನ್ನೂ ಮಾತನಾಡಿಸುತ್ತಿದ್ದಳು.

ರಾತ್ರಿ ಊಟದ ಹೊತ್ತಿಗೂ ಅಲ್ಲಿ ಬೆಳಕಿರುತ್ತಿತ್ತು. ಡೀಸೆಲ್ಲು, ಪಾಚಿ ನೀರು, ಹುರುಳಿ ಸಾರು, ಈ ಮೂರೂ ಸೇರಿದ ವಾಸನೆಯನ್ನು ಈಗ ಯಾರಾದರೂ ಸೀಸೆಯಲ್ಲಿ ತುಂಬಿಕೊಟ್ಟರೆ ನಾನು ಕಣ್ಣು ಮುಚ್ಚಿ ಗುರುತು ಹಿಡಿಯುತ್ತೇನೆ. ದೋಣಿಯ ಮೇಲಿನ ಹಲಗೆಯಲ್ಲಿ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದಿದ್ದೆವು. ಅಜ್ಜಿ ತಂದಿದ್ದ ಹುಣಸೆಬೀಜಗಳೇ ಕವಡೆ. ಅಪ್ಪ ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದು ಇನ್ನೊಂದು ಕೈಯಲ್ಲಿ ಬೀಜ ಹಾಕುತ್ತಿದ್ದ. ನನ್ನ ಕಾಯಿ ಹೊಡೆಯುವ ಅವಕಾಶ ಬಂದಾಗೆಲ್ಲ ಅವನಿಗೆ ಎಣಿಕೆ ತಪ್ಪುತ್ತಿತ್ತು. ಮಂಜನಿಗೆ ಅದು ಗೊತ್ತಾಗಿ, ಅಪ್ಪ ಅಕ್ಕನ ಪಾರ್ಟಿ ಎಂದು ಮುನಿಸಿಕೊಂಡು ಕೂರುತ್ತಿದ್ದ.

ಒಂದು ಊರಿನಲ್ಲಿ ಸೇತುವೆ ಎತ್ತಿ ನಮಗೆ ದಾರಿ ಬಿಟ್ಟವನು ಮೇಲಿನಿಂದ ಗಾಳದ ಕೋಲಿಗೆ ಮರದ ಬೂಟೊಂದನ್ನು ಕಟ್ಟಿ ಇಳಿಬಿಟ್ಟ. ಸುಂಕದ ನಾಣ್ಯ ಅದರೊಳಗೆ ಹಾಕಬೇಕು, ಅದು ಅವರ ಹಳೆಯ ಪದ್ಧತಿ. ನಾಣ್ಯ ಅಜ್ಜಿಯ ಕೈಯಲ್ಲಿತ್ತು. ಅಜ್ಜಿ ಕೈ ಮುಚ್ಚಿಬಿಟ್ಟಳು.

"ಲಕ್ಷ್ಮೀನ ಮೆಟ್ಟೊಳಕ್ಕೆ ಆಕೋದಾ? ಕೆಳಕ್ಕೆ ಬಂದು ಕೈಯಾಗೆ ಈಸ್ಕೊಳ್ಳಕ್ಕೆ ಏಳ್ಲಾ ಅವ್ನಿಗೆ."

ಅವನು ಬೂಟು ಕುಣಿಸುತ್ತಾನೆ, ಅಜ್ಜಿ ಕೈ ಬಿಚ್ಚುವುದಿಲ್ಲ. ಅಪ್ಪ ನಕ್ಕೂ ನಕ್ಕೂ ಚುಕ್ಕಾಣಿಯ ಮೇಲೆ ತಲೆಯಿಟ್ಟ. ಕೊನೆಗೆ ಮಂಜ ನಾಣ್ಯ ಕಸಿದು ಹಾಕಿದ, ಅಜ್ಜಿ ಎರಡು ಕೆನ್ನೆಗೂ ಬಡಿದುಕೊಂಡಳು. ಅಪ್ಪ ಹಾಗೆ ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಫೋನಿನಲ್ಲಿ ಅವನ ನಗು ಎರಡೆರಡು ಸಲ ಪ್ರತಿಧ್ವನಿಸಿ ಕೇಳುತ್ತಿತ್ತು, ಯಾವುದು ನಿಜವಾದ ನಗು ಎಂದು ತಿಳಿಯುತ್ತಿರಲಿಲ್ಲ.

ಇನ್ನು ಲಾಕುಗಳ ವಿಷಯ. ಕಾಲುವೆಯ ಒಂದು ಭಾಗ ಎತ್ತರ, ಮುಂದಿನ ಭಾಗ ತಗ್ಗು ಇದ್ದ ಕಡೆ ನಡುವೆ ಕಲ್ಲಿನ ತೊಟ್ಟಿಯಂಥದ್ದೊಂದು. ಅದಕ್ಕೆ ಹಿಂದೊಂದು ಬಾಗಿಲು, ಮುಂದೊಂದು ಬಾಗಿಲು. ದೋಣಿ ಒಳಗೆ ಬಂದ ಮೇಲೆ ಹಿಂದಿನದನ್ನು ಮುಚ್ಚಿ ನೀರನ್ನು ಮೆಲ್ಲಗೆ ಹೊರಬಿಡುತ್ತಾರೆ. ದೋಣಿ ನೀರಿನ ಜೊತೆ ಇಳಿಯುತ್ತದೆ. ಆಮೇಲೆ ಮುಂದಿನ ಬಾಗಿಲು ತೆರೆದು ಕಳಿಸುತ್ತಾರೆ. ಮಂಜ ಅದನ್ನು ನೀರಿನ ಲಿಫ್ಟು ಎನ್ನುತ್ತಿದ್ದ. ಅಷ್ಟು ಹೊತ್ತೂ ದೋಣಿ ಅಲುಗದಂತೆ ಹಿಂದೆ ಅಪ್ಪ, ಮುಂದೆ ಅಮ್ಮ ಒಂದೊಂದು ಹಗ್ಗ ಹಿಡಿಯಬೇಕು. ಹಗ್ಗವನ್ನು ದಡದ ಗೂಟಕ್ಕೆ ಒಂದು ಸುತ್ತು ಹಾಕಿ, ನೀರು ಇಳಿದಂತೆಲ್ಲ ಸ್ವಲ್ಪ ಸ್ವಲ್ಪವೇ ಸಡಿಲ ಬಿಡಬೇಕು.

ಲಾಕಿನೊಳಗೆ ಇಂಜಿನ್ನು ನಿಲ್ಲಿಸುತ್ತಿದ್ದರು. ದಿನವಿಡೀ ಗುಡುಗುಡು ಎನ್ನುತ್ತಿದ್ದದ್ದು ನಿಂತಾಗ ಆ ಕಲ್ಲುಗೋಡೆಗಳ ನಡುವೆ ಒಬ್ಬರ ಉಸಿರು ಒಬ್ಬರಿಗೆ ಕೇಳುತ್ತಿತ್ತು. ಹಾಗಾಗಿ ನಮ್ಮ ಮನೆಯ ನಿಜವಾದ ಮಾತುಗಳೆಲ್ಲ ಲಾಕುಗಳಲ್ಲೇ ಆದವು. ಮೊದಲ ಲಾಕಿನಲ್ಲೇ ಅಪ್ಪ ವಿಷಯ ಎತ್ತಿದ.

"ಇನ್ನೂ ನಾಕು ವರ್ಷ ಇಲ್ಲೇ ಇರ್ತೀಯಾ ಅಂತ ಕೇಳ್ತಾವ್ರೆ. ವಾಪಸ್ ಹೋದ ಮೇಲೆ ಸೋಮವಾರ ಹೇಳ್ಬೇಕು. ಏನಂತೀರಾ?"

ಅಮ್ಮ ಹಗ್ಗದಿಂದ ಕಣ್ಣು ತೆಗೆಯಲಿಲ್ಲ. "ನಿಮ್ಗೆ ಎಂಗನ್ಸುತ್ತೋ ಅಂಗೆ ಮಾಡಿ" ಎಂದಳು. ಅಪ್ಪ ಅಜ್ಜಿಯ ಕಡೆ ನೋಡಿದ. ಅಜ್ಜಿ, ಗಂಡಸು ನೀನು, ನಿನಗೆ ತಿಳಿಯದ್ದು ನಮಗೇನು ತಿಳಿಯುತ್ತದೆ ಎಂದು ಕುಲಾವಿ ಸರಿಮಾಡಿಕೊಂಡಳು. ಬಾಗಿಲು ತೆರೆಯಿತು. ಇಂಜಿನ್ನು ಶುರುವಾಯಿತು.

ಅವರಿಗೆ ಮನಸ್ಸಿರಲಿಲ್ಲವೆಂದಲ್ಲ. ಭಾನುವಾರದ ಫೋನು ಇಟ್ಟ ಮೇಲೆ ಅಮ್ಮ ಹಸುಗಳ ಹತ್ತಿರ ಹೋಗಿ ಸುಮ್ಮನೆ ನಿಂತುಬಿಡುತ್ತಿದ್ದದ್ದನ್ನು ನಾನು ನೋಡಿದ್ದೆ. ಆದರೆ ನಮ್ಮ ಮನೆಯಲ್ಲಿ ಒಂದು ಶಾಸ್ತ್ರವಿತ್ತು. ಹೊರಟವರನ್ನು ಹಿಂದಿನಿಂದ ಕೂಗಬಾರದು, ಕೂಗಿದರೆ ಹೋದ ಕೆಲಸ ಕೆಡುತ್ತದೆ. ಅಪ್ಪ ಊರಲ್ಲಿದ್ದಾಗ ಬುತ್ತಿ ಮರೆತು ಕಾರ್ಖಾನೆಗೆ ಹೊರಟರೂ ಅಮ್ಮ ಕೂಗುತ್ತಿರಲಿಲ್ಲ. ಹಿಂದಿನ ಓಣಿಯಲ್ಲಿ ಓಡಿ, ಅವನಿಗಿಂತ ಮೊದಲೇ ಬಸ್‌ಸ್ಟಾಪು ಸೇರಿ, ಎದುರಿಗೆ ನಿಂತು ಡಬ್ಬಿ ಕೊಡುತ್ತಿದ್ದಳು. ಬೇಡ, ಹೋಗಬೇಡ, ಬಾ, ಇಂಥ ಮಾತುಗಳು ಆ ಮನೆಯ ಹೆಂಗಸರ ನಾಲಿಗೆಗೆ ಅಭ್ಯಾಸವೇ ಇರಲಿಲ್ಲ.

ನನಗೆ ಮಾತ್ರ ಹೇಳಬೇಕು ಅನ್ನಿಸಿತ್ತು. ನೀನು ಬಾ ಅಪ್ಪ, ಅಷ್ಟೇ. ಇಂಜಿನ್ನು ಓಡುವಾಗ ಹೇಳಿದರೆ ಕೂಗಿ ಹೇಳಬೇಕು. ಲಾಕಿನಲ್ಲಿ ಹೇಳೋಣವೆಂದರೆ ಅಮ್ಮನ ಮುಖ ನೋಡಿ ಬಾಯಿ ಕಟ್ಟುತ್ತಿತ್ತು. ಮುಂದಿನ ಲಾಕು, ಮುಂದಿನ ಲಾಕು ಎಂದುಕೊಂಡೇ ವಾರ ಮುಗಿಯಿತು. ಕೊನೆಯ ದಿನ ಬೆಳಿಗ್ಗೆ ಅಪ್ಪ, ಇನ್ನೊಂದೇ ಲಾಕು, ಅದು ದಾಟಿದರೆ ಎಂಕಪ್ಪನ ಊರು ಎಂದ. ಸರಿ, ಅದರಲ್ಲೇ ಎಂದು ನಾನು ಗಟ್ಟಿ ಮನಸ್ಸು ಮಾಡಿದೆ.

ಆ ಲಾಕು ಬೇರೆಯವಕ್ಕಿಂತ ಆಳ. ನಾವು ಒಳಗೆ ಹೋಗುವ ಹೊತ್ತಿಗೆ ಅಮ್ಮ ಕೆಳಗೆ ಮುದ್ದೆ ತೊಳಸುತ್ತಿದ್ದಳು, ಬಿಟ್ಟು ಬರುವಂತಿರಲಿಲ್ಲ. ಮುಂದಿನ ಹಗ್ಗ ನಾನು ನೋಡಿಕೊಳ್ಳುತ್ತೇನೆ ಎಂದು ಅಜ್ಜಿ ಇಸಿದುಕೊಂಡಳು. ಜೀವಮಾನವೆಲ್ಲ ಹಸು ಕಟ್ಟಿದ ಕೈ. ಗೂಟ ಕಂಡ ಮೇಲೆ ಹಗ್ಗವನ್ನು ಬರಿದೆ ಹಿಡಿದುಕೊಂಡು ಕೂರುವುದು ಅವಳಿಗೆ ಪೆದ್ದುತನವೆಂದೇ ವಾರವಿಡೀ ಅನ್ನಿಸಿತ್ತು. ಹಸುವನ್ನು ಕಟ್ಟುವ ಹಾಗೆಯೇ ಜಗ್ಗಿದಷ್ಟೂ ಬಿಗಿಯುವ ಗಂಟು ಹಾಕಿ, ಕೈ ಕೊಡವಿ, ಎಲೆಅಡಿಕೆ ಬಿಚ್ಚಿದಳು.

ನೀರು ಇಳಿಯತೊಡಗಿತು. ನಾನು ಅಪ್ಪನ ಪಕ್ಕಕ್ಕೆ ಹೋಗಿ ನಿಂತೆ. "ಅಪ್ಪ, ನೀನು" ಎಂದೆ.

ಅಷ್ಟರಲ್ಲಿ ದೋಣಿಯ ಮೂತಿ ಮೇಲೇ ನಿಂತುಹೋಯಿತು. ಹಿಂಭಾಗ ಮಾತ್ರ ಇಳಿಯುತ್ತಿತ್ತು. ಹುಣಸೆಬೀಜಗಳು ಮೊದಲು ಉರುಳಿದವು, ಆಮೇಲೆ ಚೊಂಬು, ಆಮೇಲೆ ಒಳಗಿನಿಂದ ಸಾರಿನ ಪಾತ್ರೆ ಬಿದ್ದ ಸದ್ದು, ಅಮ್ಮನ ಕೂಗು. ಮಂಜ ಜಾರಿ ನನ್ನ ಕಾಲು ತಬ್ಬಿಕೊಂಡ. ಮೇಲೆ ಲಾಕು ಕಾಯುವವನು ಅವರ ಭಾಷೆಯಲ್ಲಿ ಏನೋ ಕೂಗುತ್ತ ನೀರು ಹೋಗುವುದನ್ನು ನಿಲ್ಲಿಸಲು ಓಡಿದ. ಅಪ್ಪ ಚಾಕು ಹಿಡಿದು ಅಂಬೆಗಾಲಿನಲ್ಲಿ ಮುಂದಕ್ಕೆ ಹತ್ತಿ ಹಗ್ಗ ಕೊಯ್ದ. ದೋಣಿ ದೊಪ್ಪೆಂದು ನೀರಿಗೆ ಬಿತ್ತು.

ಯಾರಿಗೂ ಏನೂ ಆಗಲಿಲ್ಲ. ಅಮ್ಮನ ಸೆರಗು, ಮೈಯೆಲ್ಲ ಸಾರು. ಅಪ್ಪ ಚಾಕು ಕೆಳಗಿಟ್ಟು ಅಜ್ಜಿಯ ಕಡೆ ತಿರುಗಿದ.

"ಕಟ್ಬೇಡ ಅಂತ ಎಷ್ಟ್ ಸಲ ಏಳಿದ್ದೆ ಅವ್ವ? ನೀರು ಇಳೀತಿರೋವಾಗ ಅಗ್ಗ ಬಿಡ್ಬೇಕು ಅನ್ನೋದು ತಿಳಿಯಾಕಿಲ್ವಾ? ಮಕ್ಳು ನೀರಿಗೆ ಬಿದ್ದಿದ್ರೆ?"

ಅಪ್ಪ ಅಜ್ಜಿಗೆ ದನಿ ಎತ್ತಿದ್ದನ್ನು ನಾವು ಕಂಡಿರಲಿಲ್ಲ. ಅಜ್ಜಿ ತುಂಡಾದ ಹಗ್ಗವನ್ನು ಕೈಗೆತ್ತಿಕೊಂಡಳು.

"ತಿಳೀತು ಬುಡ್ಲಾ. ಕಟ್ಟಾಕಬಾರ್ದು. ನೀನು ಇಲ್ಲೇ ಇರು, ನಾಕು ವರ್ಷ ಅಲ್ದಿದ್ರೆ ಎಂಟು ವರ್ಷ. ನಮ್ದೇನೂ ತಕರಾರಿಲ್ಲ."

ಅದು ಕೋಪವೋ ಅಪ್ಪಣೆಯೋ ಯಾರಿಗೂ ತಿಳಿಯಲಿಲ್ಲ. ಮುಂದಿನ ಬಾಗಿಲು ತೆರೆಯಿತು. ಅಪ್ಪ ಇಂಜಿನ್ನಿಗೆ ಕೈ ಹಾಕುವ ಮುಂಚೆ ನನ್ನ ಕಡೆ ತಿರುಗಿ, ಏನೋ ಹೇಳುತ್ತಿದ್ದೆಯಲ್ಲ ಮಗ ಎಂದು ಕೇಳಿದ. ಮೆಟ್ಟಿಲ ಮೇಲೆ ನಿಂತಿದ್ದ ಅಮ್ಮ ನನ್ನನ್ನೇ ನೋಡುತ್ತ, ಬೇಡವೆಂದು ಕಂಡೂ ಕಾಣದಷ್ಟು ತಲೆ ಆಡಿಸಿದಳು.

"ಸಾರು ಚೆಲ್ಲೋಯ್ತಲ್ಲ, ಮುದ್ದೆಗೆ ಏನು ಅಂತ" ಎಂದೆ.

ಮಜ್ಜಿಗೆ ಕಲಸಿಕೊಂಡು ತಿಂದೆವು.

ಸೋಮವಾರ ಅಪ್ಪ ಆಗಲಿ ಎಂದು ಹೇಳಿಬಂದ. ನಾಲ್ಕು ವರ್ಷ ಏಳಾಯಿತು. ಪುನಃ ಫೋನು, ಪುನಃ ಪ್ರತಿಧ್ವನಿ. ರಜೆಗೆ ಬಂದರೆ ನೆಂಟರ ಮನೆ, ಬ್ಯಾಂಕು ಎಂದು ದಿನ ಕಳೆಯುತ್ತಿತ್ತು. ನಡುವೆ ಅಜ್ಜಿ ಒಂದು ಬೆಳಿಗ್ಗೆ ಹಾಲು ಕರೆದಿಟ್ಟು ಮಲಗಿದವಳು ಏಳಲಿಲ್ಲ. ಅಪ್ಪ ಬಂದು ಸೇರಿದ್ದು ಮೂರನೇ ದಿನದ ಹಾಲುತುಪ್ಪಕ್ಕೆ. ಸಮಾಧಿಯ ಮಣ್ಣು ಆಗಲೇ ಒಣಗಿತ್ತು. ಅಲ್ಲಿನ ಕೆಲಸ ಮುಗಿಸಿಕೊಂಡು ಅಪ್ಪ ಕಾಯಂ ಆಗಿ ಬಂದಾಗ ನಾನು ಪಿಯುಸಿ ಮುಗಿಸಿದ್ದೆ, ಮಂಜನಿಗೆ ಮೀಸೆ ಚಿಗುರಿತ್ತು. ವಿಮಾನ ನಿಲ್ದಾಣದಲ್ಲಿ ಅವನು ಅಪ್ಪನ ಕಾಲಿಗೆ ಬಿದ್ದು, ಬೀಗರ ಮನೆಯ ಹಿರಿಯರನ್ನು ಕಂಡವನ ಹಾಗೆ ಬ್ಯಾಗು ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ನಡೆದ.

ಮೊನ್ನೆ ಅವರೆಕಾಯಿ ಕಾಲದಲ್ಲಿ ನಾನು ತವರಿಗೆ ಹೋಗಿದ್ದೆ. ಅಪ್ಪ, ಅಮ್ಮ, ನಾನು ಕೂತು ನೆನೆದ ಕಾಳು ಹಿತುಕುತ್ತಿದ್ದೆವು. ಆ ದೋಣಿಯ ಮಾತು ಬಂತು. ಬೂಟಿನ ಕಥೆಗೆ ನಕ್ಕೆವು. ನಗು ಇಳಿದ ಮೇಲೆ ಅಪ್ಪ ಕಾಳಿನ ಕಡೆಗೇ ನೋಡುತ್ತ ಹೇಳಿದ.

"ಆ ವಾರದಾಗೆ ಯಾರಾದ್ರೂ ಒಬ್ರು ಬಾ ಅಂದಿದ್ರೆ ಸಾಕಿತ್ತು. ಬಂದ್ಬಿಡ್ತಿದ್ದೆ. ಯಾರೂ ಅನ್ನಲಿಲ್ಲ. ಅಲ್ಲೇ ಇದ್ರೆ ನಿಮ್ಗೆ ಒಳ್ಳೇದೇನೋ ಅಂದ್ಕೊಂಡೆ."

ಅಮ್ಮನ ಬೆರಳು ನಿಂತಿತು. "ಹೊರಟೋರ್ನ ಇಂದ್ಗಡೆಯಿಂದ ಕೂಗ್ಬಾರ್ದು ಅಂತ ಸುಮ್ನಿದ್ದೆ ಕಣ್ರೀ."

"ನಾನೆಲ್ಲಿ ಹೊರಟಿದ್ದೆ? ನಿಮ್ಮೆದುರಿಗೇ ಕೂತಿದ್ನಲ್ಲ."

ಅಮ್ಮ ಇನ್ನೊಂದು ಹಿಡಿ ಕಾಳು ಮುಂದಕ್ಕೆ ಎಳೆದುಕೊಂಡಳು.

ಹಸು ಕಟ್ಟುತ್ತಿದ್ದ ಜಾಗದಲ್ಲಿ ಈಗ ಮೂರು ಅಂತಸ್ತಿನ ಪೀಜಿ ಇದೆ. ಅಪ್ಪ ದಿನವೂ ಮನೆಯಲ್ಲೇ ಇರುತ್ತಾನೆ, ನೀರಿನ ಮೋಟರು ಹಾಕುತ್ತಾನೆ, ಪೇಪರು ಓದುತ್ತಾನೆ, ನನ್ನ ಮಗಳ ಜೊತೆ ಚೌಕಾಬಾರ ಆಡುತ್ತಾನೆ. ನನಗೆ ಅವನ ಮೇಲೆ ಪ್ರೀತಿಯಿದೆ. ಆದರೆ ನಾನು ಮೊದಲ ಸಲ ಸೈಕಲ್ಲಿನಿಂದ ಬಿದ್ದಾಗ, ಮಂಜ ಪರೀಕ್ಷೆಯಲ್ಲಿ ಫೇಲಾಗಿ ಎರಡು ದಿನ ಊಟ ಬಿಟ್ಟಾಗ, ಅಮ್ಮ ಒಬ್ಬಳೇ ಆಸ್ಪತ್ರೆಗೆ ಹೋಗಿ ಒಬ್ಬಳೇ ಬಂದಾಗ ಬೇಕಾಗಿದ್ದ ಅಪ್ಪನೇ ಬೇರೆ. ಅವನನ್ನು ನಾವು ಕರೆಯಲಿಲ್ಲ, ಅವನು ಬರಲೂ ಇಲ್ಲ.