ಫೌಕ್ ಎಂಬ ಶಬ್ದದ ಬೆನ್ನು ಹತ್ತಿ

ಐವತ್ತರ ದಶಕದ ಕೊನೆಯಲ್ಲಿ ನಾನು ಮೂಡಬಿದಿರೆಯಲ್ಲಿ ಹೈಸ್ಕೂಲು ಟೀಚರ್. ಬಸದಿ ನೋಡಲು ಹಾಲೆಂಡಿನಿಂದ ಒಬ್ಬ ಹೆಂಗಸು ಬಂದಿದ್ದರು. ಇಂಗ್ಲಿಷ್ ಬರುತ್ತದೆಂದು ಅವರನ್ನು ಸುತ್ತಾಡಿಸುವ ಕೆಲಸ ನನ್ನ ತಲೆಗೆ ಬಿತ್ತು. ಒಂದು ದಿನ ಬಂಟ್ವಾಳದಿಂದ ಬೆಳ್ತಂಗಡಿಗೆ ಹೊರಟ ನಮ್ಮ ಬಸ್ಸು ಪುಂಜಾಲಕಟ್ಟೆಯ ಹತ್ತಿರ ಕೆಟ್ಟು ನಿಂತಿತು. ಪಕ್ಕದಲ್ಲಿ ಹರಿಯುವ ತೋಡಿನ ನೀರಿನಲ್ಲಿ ಯಾರೋ ಕೂಳಿ ಇಟ್ಟಿದ್ದರು. ಒಳಹೊಕ್ಕ ಮೀನು ಹೊರಬರಲಾಗದ ಬಿದಿರಿನ ಬುಟ್ಟಿ. ಅದನ್ನು ಕಂಡದ್ದೇ ಆಕೆ "ಫೌಕ್! ಫೌಕ್!" ಎಂದು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಅವರ ಊರಲ್ಲಿ ಬಲೆಯಿಂದ ಮಾಡುತ್ತಾರಂತೆ, ಉಪಾಯ ಇದೇ.

"ಆ ಶಬ್ದ ಎಲ್ಲಿಂದ ಬಂತು?" ಎಂದೆ.

"ಗೊತ್ತಿಲ್ಲ. ನನ್ನ ಅಣ್ಣ ಭಾಷೆ ಕಲಿಸುವವನು, ಕೇಳಿ ಬರೆಯುತ್ತೇನೆ" ಎಂದರು.

ನನಗೆ ಹುಚ್ಚು ಹಿಡಿಯಿತು. ಹಿಂದೆ ಡಚ್ಚರ ಹಡಗುಗಳು ನಮ್ಮ ಕರಾವಳಿಗೂ ಬಂದಿದ್ದವಲ್ಲ, ಇಲ್ಲಿಂದಲೇ ಹೋದ ಶಬ್ದವಾಗಿದ್ದರೆ? ಕೇಳಲು ಜನವಿಲ್ಲ, ನೋಡಲು ಪುಸ್ತಕವಿಲ್ಲ. ಏಳು ತಿಂಗಳು ಅಂಚೆಯವನ ದಾರಿ ಕಾದೆ.

ಕಾಗದ ಬಂದಾಗ ನಾನು ಶಾಲೆಯಲ್ಲಿದ್ದೆ. ನಮ್ಮದು ಜೈನರ ಮನೆ, ಯಜಮಾನರು ಸೋದರಮಾವ. ಅವರೇ ಒಡೆದು ನೋಡಿದ್ದರು. ಒಳಗೆ ಫೌಕಿನ ಚಿತ್ರ, ಅದರೊಳಗೆ ಮೂರು ಮೀನು.

"ನಮ್ಮ ಮನೆಗೆ ಮೀನಿನ ಕಾಗದವಾ?"

"ಮೀನಲ್ಲ ಮಾವ, ಅದರಲ್ಲಿರುವುದು ಶಬ್ದ."

"ಶಬ್ದಕ್ಕೂ ವಾಸನೆ ಉಂಟು ಮಗಾ. ಅಂಗಳದಲ್ಲಿ ನಿಂತು ಓದು."

ಸುಡುವ ಅಂಗಳದಲ್ಲಿ ನಿಂತು ಓದಿದೆ. ಹಳೆಯ ಡಚ್ಚಿನಲ್ಲಿ ಅದು 'ಫೂಕೆ' ಎಂದಿತ್ತಂತೆ. ಅದಕ್ಕೂ ಹಿಂದಿನದು ಪಂಡಿತರಿಗೇ ಖಚಿತವಿಲ್ಲವಂತೆ. ಅಷ್ಟೇ! ಏಳು ತಿಂಗಳಿಗೆ ಎರಡು ಸಾಲು. ಕಾಗದವನ್ನು ಮುದ್ದೆ ಮಾಡಿದೆ, ಮತ್ತೆ ನಾನೇ ಬಿಡಿಸಿದೆ.

ಅವರದ್ದು ಹೋಗಲಿ, ನಮ್ಮ ಕೂಳಿಯ ಮೂಲವನ್ನಾದರೂ ತಿಳಿಯುವ ಎಂದು ಭಾನುವಾರ ಬಂಟ್ವಾಳಕ್ಕೆ ಹೋದೆ. ಹೊಳೆಬದಿಯಲ್ಲಿ ಒಬ್ಬ ಮುದುಕ ಕೂಳಿ ಹೆಣೆಯುತ್ತಿದ್ದ. ನನ್ನ ಪ್ರಶ್ನೆಗೆ ಬಿದಿರಿನ ಸೀಳಿನಿಂದ ಕಣ್ಣೆತ್ತದೆ ತುಳುವಿನಲ್ಲೇ ಕೇಳಿದ: "ಅಜ್ಜ ಇದಕ್ಕೆ ಕೂಳಿ ಅಂತಿದ್ದರು, ನಾನೂ ಅಂತೇನೆ. ಮೂಲ ಗೊತ್ತಾದರೆ ಮೀನು ಹೆಚ್ಚು ಬೀಳ್ತದಾ ಟೀಚರ್?"

ಸಿಟ್ಟಿನಲ್ಲೇ ಬಸ್ಸು ಹತ್ತಿದೆ. ಸಿಟ್ಟು ಯಾರ ಮೇಲೆಂದೂ ತಿಳಿಯಲಿಲ್ಲ. ಮನೆಗೆ ಬಂದರೆ ಮಾವ ಬಾಗಿಲಲ್ಲೇ ತಡೆದರು. "ಮೀನಿನವರ ಹತ್ತಿರ ಹೋಗಿದ್ದೆಯಂತೆ. ಸ್ನಾನ ಮಾಡಿ ಒಳಗೆ ಬಾ."

ಬಾವಿಕಟ್ಟೆಯಲ್ಲಿ ಕೊಡದ ಮೇಲೆ ಕೊಡ ಸುರಿದುಕೊಂಡೆ. ಮೈ ನಡುಗಿತೇ ಹೊರತು ಸಿಟ್ಟು ಇಳಿಯಲಿಲ್ಲ.